ದೂರದ ವೈದ್ಯ, ಹತ್ತಿರದ ಕೈ

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಕೃಷ್ಣರಾಜಪುರಕ್ಕೆ ಹೊಂದಿಕೊಂಡಿರುವ ಮಹದೇವಪುರವು ಒಂದು ಕಾಲಕ್ಕೆ ಕೆರೆ, ತೋಟ, ರಾಗಿ ಹೊಲಗಳ ನಡುವಣ ಹಳ್ಳಿಯಾಗಿದ್ದಿತು. ಅನಂತರ ಕಾರ್ಖಾನೆಗಳು ಬಂದವು. ಕಾರ್ಖಾನೆಗಳ ಹಿಂದೆ ಗಣಕಯಂತ್ರದ ಕಂಪನಿಗಳು ಬಂದವು. ನಗರಸಭೆಯಾಗಿದ್ದ ಈ ಊರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಮಹಾನಗರದಲ್ಲಿ ವಿಲೀನವಾಯಿತು. 2023ರ ಮಾರ್ಚ್ ತಿಂಗಳಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋ ರೈಲು ಓಡತೊಡಗಿತು. ಆ ಮಾರ್ಗದ ಒಂದು ನಿಲ್ದಾಣಕ್ಕೆ ಆಸ್ಪತ್ರೆಯ ಹೆಸರೇ ಇದೆ. 2001ರಲ್ಲಿ ಆರಂಭವಾಗಿ, ಹೃದಯ ಹಾಗೂ ಮೆದುಳಿನ ಕಠಿಣ ಶಸ್ತ್ರಚಿಕಿತ್ಸೆಗಳನ್ನು ರೋಗಿಯಿಂದ ಹಣ ಪಡೆಯದೆ ನಡೆಸುತ್ತ ಬಂದಿರುವ ಶ್ರೀ ಸತ್ಯಸಾಯಿ ಆಸ್ಪತ್ರೆ ಅದು. ಅಲ್ಲಿಗೆ ಸಮೀಪದಲ್ಲಿಯೇ ವೈದೇಹಿ ವೈದ್ಯಕೀಯ ಕಾಲೇಜಿದೆ. ಹಳೆಯ ಮದರಾಸು ರಸ್ತೆಯನ್ನು ಹಿಡಿದು ಮುಂದೆ ಹೋದರೆ ಹೊಸಕೋಟೆಯ ಬಳಿ ಒಂದು, ಕೋಲಾರದ ಟಮಕದಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜು ಸಿಗುತ್ತವೆ.

ಒಂದೇ ದಿಕ್ಕಿನಲ್ಲಿ ಇಷ್ಟೊಂದು ವೈದ್ಯವಿದ್ಯೆ ಸೇರಿರುವುದು ಸಂತೋಷದ ವಿಷಯವೇ. ಆದರೆ ರೋಗ ಬರುವುದು ಹೆದ್ದಾರಿಯ ಬದಿಯಲ್ಲಿರುವವರಿಗೆ ಮಾತ್ರವಲ್ಲ. 2011ರ ಜನಗಣತಿಯಂತೆ ಕರ್ನಾಟಕದ ನೂರು ಜನರಲ್ಲಿ 61 ಮಂದಿ ವಾಸಿಸುವುದು ಹಳ್ಳಿಗಳಲ್ಲಿ. ತಜ್ಞ ವೈದ್ಯರಾದರೋ ನಗರಗಳಲ್ಲಿದ್ದಾರೆ. ನಡುರಾತ್ರಿ ಎದೆ ಹಿಡಿದುಕೊಂಡು ಕುಳಿತ ಯಜಮಾನನಿಗೆ, ದಿನ ತುಂಬುವ ಮೊದಲೇ ಹೆತ್ತ ಬಾಣಂತಿಗೆ, ಮಾತು ಬಿಟ್ಟು ಮೂಲೆ ಸೇರಿದ ಮಗಳಿಗೆ ಈ ದೂರ ಎಷ್ಟು ಭಾರವೆಂಬುದನ್ನು ಹಳ್ಳಿಯಲ್ಲಿ ಬಾಳಿದವರು ಬಲ್ಲರು.

ಈ ದೂರವನ್ನು ಕಡಿಮೆ ಮಾಡಲು ನಮ್ಮ ನಾಡಿನಲ್ಲಿ ಎರಡು ಬಗೆಯ ಪ್ರಯತ್ನಗಳು ನಡೆದಿವೆ. ಉಪಗ್ರಹ, ದೂರವಾಣಿ, ಅಂತರ್ಜಾಲಗಳ ಮೂಲಕ ವೈದ್ಯನನ್ನು ಹಳ್ಳಿಗೆ ತಲಪಿಸುವ ದೂರವೈದ್ಯ ಅಥವಾ ಟೆಲಿಮೆಡಿಸಿನ್ ಒಂದು. ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳು ಗ್ರಾಮಸಮುದಾಯದೊಡನೆ ಕೈಜೋಡಿಸಿ ಅಲ್ಲಿಯೇ ನೆಲೆನಿಂತು ಕೆಲಸಮಾಡುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯೆಂದು ಎಣಿಸುವುದು ರೂಢಿಯಾಗಿದೆ. ಆದರೆ ಕಳೆದ ಐವತ್ತು ವರ್ಷಗಳ ಅನುಭವವನ್ನು ಪರಿಶೀಲಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದೂರದ ವೈದ್ಯನ ಜ್ಞಾನವು ಹಳ್ಳಿಯಲ್ಲಿ ಫಲ ಕೊಡಬೇಕಾದರೆ, ರೋಗಿಯ ಪಕ್ಕದಲ್ಲಿ ತರಬೇತಿ ಪಡೆದ, ಊರಿನ ವಿಶ್ವಾಸ ಗಳಿಸಿದ ಒಂದು ಕೈ ಇರಲೇಬೇಕು. ಯಂತ್ರವನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಆ ಕೈಯನ್ನು ಸಿದ್ಧಪಡಿಸಲು ವರ್ಷಗಳು ಬೇಕು.

ಬಸ್ ಟಿಕೆಟಿನಿಂದ ಬಂದ ಉಪಾಯ

ಯಂತ್ರದ ವಿಷಯವನ್ನೇ ಮೊದಲು ನೋಡೋಣ. ಮಹದೇವಪುರದ ಸರಹದ್ದಿನ ಹೂಡಿಯ ಬಳಿ ಜನರಲ್ ಎಲೆಕ್ಟ್ರಿಕ್ ಕಂಪನಿಯು 2000ದಲ್ಲಿ ಸಂಶೋಧನಾ ಕೇಂದ್ರವೊಂದನ್ನು ತೆರೆಯಿತು. ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇ.ಸಿ.ಜಿ. ಯಂತ್ರವು ಅಂದಿಗೆ ದುಬಾರಿಯಾಗಿತ್ತು, ಹೊತ್ತೊಯ್ಯಲು ಭಾರವಾಗಿತ್ತು, ವಿದ್ಯುತ್ತು ಕೈಕೊಟ್ಟರೆ ಪ್ರಯೋಜನಕ್ಕೆ ಬಾರದಂತಿತ್ತು. ಈ ಕೇಂದ್ರದ ಎಂಜಿನಿಯರುಗಳು ಹಳ್ಳಿಯ ವೈದ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು, ಬ್ಯಾಟರಿಯಿಂದ ನಡೆಯುವ, ಕೈಚೀಲದಲ್ಲಿ ಹಿಡಿಸುವ ಒಂದು ಚಿಕ್ಕ ಯಂತ್ರವನ್ನು ರೂಪಿಸಿದರು. ‘ಮ್ಯಾಕ್ 400’ ಎಂಬ ಆ ಯಂತ್ರ 2008ರ ಸುಮಾರಿಗೆ ಬಳಕೆಗೆ ಬಂದಿತು. ಅದರಲ್ಲಿ ಗೆರೆ ಅಚ್ಚುಹಾಕುವ ಭಾಗಕ್ಕೆ ಅವರು ಆರಿಸಿಕೊಂಡದ್ದು ಬಸ್ಸುಗಳಲ್ಲಿ ಟಿಕೆಟು ಮುದ್ರಿಸುವ ಯಂತ್ರದಂಥ ಪುಟ್ಟ ಮುದ್ರಕವನ್ನು. ಧೂಳು, ಬಿಸಿಲು, ಕುಲುಕಾಟಗಳನ್ನು ತಾಳಿಕೊಳ್ಳುವ ಆ ಸಾಧನ ಹಳ್ಳಿಯ ದವಾಖಾನೆಗೂ ಒಗ್ಗಿತು. ಯಂತ್ರದ ಬೆಲೆ ಅದುವರೆಗಿನ ದೊಡ್ಡ ಯಂತ್ರಗಳ ಬೆಲೆಯ ಅರ್ಧಕ್ಕಿಂತ ಕೆಳಗಿಳಿಯಿತು.

ಇದು ಹೆಮ್ಮೆಪಡಬೇಕಾದ ಸಾಧನೆ. ಆದರೂ ಇ.ಸಿ.ಜಿ. ಎಂಬುದು ಬರೆಯುವ ಯಂತ್ರವೇ ಹೊರತು ಗುಣಪಡಿಸುವ ಯಂತ್ರವಲ್ಲ. ಎದೆಯ ಮೇಲೆ ಸರಿಯಾದ ಸ್ಥಳಗಳಲ್ಲಿ ತಂತಿಗಳನ್ನು ಅಂಟಿಸುವವರು ಬೇಕು. ಗೆರೆಯನ್ನು ಓದಬಲ್ಲವರು ಬೇಕು. ಓದಿದ ಮೇಲೆ ಆ ಕ್ಷಣದಲ್ಲಿಯೇ ಮದ್ದು ಕೊಡುವವರು ಬೇಕು. ಈ ಮೂವರೂ ಒಂದೇ ಊರಿನಲ್ಲಿ ಇಲ್ಲದಿರುವುದೇ ಸಮಸ್ಯೆಯ ಮೂಲ.

ಚಾಮರಾಜನಗರ ಮತ್ತು ಸರಗೂರಿನ ಪಾಠ

ಈ ಸಮಸ್ಯೆಗೆ ಕರ್ನಾಟಕವು ದೇಶದಲ್ಲಿಯೇ ಮುಂಚಿತವಾಗಿ ಉತ್ತರ ಹುಡುಕಿದ ರಾಜ್ಯಗಳಲ್ಲಿ ಒಂದು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ), ರಾಜ್ಯ ಸರ್ಕಾರ ಹಾಗೂ ಡಾ. ದೇವಿಪ್ರಸಾದ ಶೆಟ್ಟಿಯವರ ನಾರಾಯಣ ಹೃದಯಾಲಯಗಳು ಸೇರಿ 2002ರಲ್ಲಿ ಎರಡು ಸ್ಥಳಗಳನ್ನು ಉಪಗ್ರಹದ ಮೂಲಕ ಬೆಂಗಳೂರಿನೊಡನೆ ಜೋಡಿಸಿದವು. ಮೊದಲನೆಯದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ. 1997ರಲ್ಲಷ್ಟೇ ರಚನೆಯಾಗಿದ್ದ ಆ ಜಿಲ್ಲೆಯ ಕೇಂದ್ರಸ್ಥಾನವು ರಾಜಧಾನಿಯಿಂದ 170 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಎರಡನೆಯದು ಅಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ. ಅಲ್ಲಿ ಹೃದಯದ ತುರ್ತುಚಿಕಿತ್ಸಾ ಘಟಕಗಳನ್ನು ಸ್ಥಾಪಿಸಲಾಯಿತು, ರೋಗಿಯ ಇ.ಸಿ.ಜಿ. ಬೆಂಗಳೂರಿನ ತಜ್ಞರ ಮುಂದೆ ತೆರೆದುಕೊಳ್ಳುವ ವ್ಯವಸ್ಥೆಯಾಯಿತು.

ಹೃದಯಾಘಾತದ ಸ್ವರೂಪವನ್ನು ತಿಳಿದರೆ ಇದರ ಮಹತ್ವ ಅರಿವಾದೀತು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿ ಅಡ್ಡ ನಿಂತರೆ, ಮುಂದಿನ ಸ್ನಾಯುವು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಸ್ನಾಯುವಿನ ಬಹುಭಾಗ ಉಳಿಯುತ್ತದೆ. ತಡವಾದಷ್ಟೂ ಪ್ರಯೋಜನ ಕುಗ್ಗುತ್ತದೆ. ರೋಗಿಯನ್ನು ವಾಹನದಲ್ಲಿ ಮಲಗಿಸಿಕೊಂಡು ನಗರಕ್ಕೆ ಓಡುವ ಆ ನಾಲ್ಕೈದು ಗಂಟೆಗಳಲ್ಲಿ ಉಳಿಯಬಹುದಾಗಿದ್ದುದು ಹೋಗಿಬಿಡುತ್ತದೆ. ಆದುದರಿಂದ ರೋಗಿಯ ಬದಲು ಇ.ಸಿ.ಜಿ.ಯ ಗೆರೆಯನ್ನು ನಗರಕ್ಕೆ ಕಳುಹಿಸಿ, ಮದ್ದನ್ನು ಊರಿನಲ್ಲಿಯೇ ಕೊಡುವುದು ವಿವೇಕದ ದಾರಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸರಗೂರಿಗೆ ಉಪಗ್ರಹದ ಸಂಪರ್ಕ ಬರುವುದಕ್ಕೆ ಬಹಳ ಮೊದಲೇ ಅಲ್ಲಿಗೆ ಮನುಷ್ಯರು ಹೋಗಿದ್ದರು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಅವರು ತಮ್ಮ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯುವ ಚಳವಳಿಯನ್ನು ಕಟ್ಟಿದರು. ಓದು ಮುಗಿದ ಮೇಲೆ ಆ ತರುಣ ವೈದ್ಯರು ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ಹಾಡಿಗಳ ನಡುವೆ ನೆಲೆಸಿದರು. ದವಾಖಾನೆ, ಶಾಲೆಗಳನ್ನು ನಡೆಸಿದರು. ಸರಗೂರಿನ ಆಸ್ಪತ್ರೆ ಆ ಸೇವೆಯ ಮುಂದುವರಿಕೆ. ಪರದೆಯ ಮೇಲೆ ಬೆಂಗಳೂರಿನ ವೈದ್ಯರು ಕಾಣಿಸಿಕೊಂಡಾಗ, ರೋಗಿಯ ಪಕ್ಕದಲ್ಲಿ ಅವನ ಭಾಷೆ ಬಲ್ಲ, ಅವನ ಹಾಡಿಯನ್ನು ಕಂಡ ವೈದ್ಯರೂ ದಾದಿಯರೂ ಇದ್ದರು. ಉಪಗ್ರಹದ ವ್ಯವಸ್ಥೆ ಅಲ್ಲಿ ಬೇರೂರಲು ಈ ನೆಲ ಮೊದಲೇ ಹದವಾಗಿದ್ದುದು ಕಾರಣ.

ಹಸುಳೆಯ ಕಣ್ಣು ಉಳಿಸಿದವರು

ಕರ್ನಾಟಕದ ಇನ್ನೊಂದು ಪ್ರಯೋಗ ತಾಯಂದಿರೆಲ್ಲರೂ ತಿಳಿದಿರಬೇಕಾದದ್ದು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು, ಅಕ್ಷಿಪಟಲವನ್ನು ಎಳೆದು, ಕೆಲವೇ ವಾರಗಳಲ್ಲಿ ಮಗುವನ್ನು ಶಾಶ್ವತವಾಗಿ ಕುರುಡಾಗಿಸಬಲ್ಲವು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮಗು ಮುಖ ಗುರುತಿಸುತ್ತಿಲ್ಲವೆಂದು ತಾಯಿಗೆ ತಿಳಿಯುವ ವೇಳೆಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಸರಿಯಾದ ಸಮಯಕ್ಕೆ ಪತ್ತೆಯಾದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿಯನ್ನು ಉಳಿಸಬಹುದು.

ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಘಟಕಗಳು ಹೆಚ್ಚಿದಂತೆ, ಹಿಂದೆ ಬದುಕುತ್ತಿರದ ಪುಟ್ಟ ಶಿಶುಗಳು ಬದುಕತೊಡಗಿದವು. ಅದರೊಡನೆ ಈ ಅಂಧತ್ವದ ಅಪಾಯವೂ ಹೆಚ್ಚಿತು. ಈ ರೋಗವನ್ನು ಗುರುತಿಸಬಲ್ಲ ನೇತ್ರತಜ್ಞರಾದರೋ ಕೆಲವೇ ಮಂದಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರು ಇದಕ್ಕೆ ಆರಂಭಿಸಿದ ಕಾರ್ಯಕ್ರಮವೇ ‘ಕಿಡ್ರಾಪ್’. ಇದರಲ್ಲಿ ತಜ್ಞವೈದ್ಯರು ಊರೂರು ಸುತ್ತುವುದಿಲ್ಲ. ವಿಶೇಷ ತರಬೇತಿ ಪಡೆದ ತಂತ್ರಜ್ಞರು ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು, ಗೊತ್ತುಪಡಿಸಿದ ದಿನಗಳಂದು ಜಿಲ್ಲೆಗಳ ಶಿಶುಘಟಕಗಳಿಗೆ ಹೋಗುತ್ತಾರೆ. ಚಿತ್ರ ತೆಗೆಯುವುದಷ್ಟೇ ಅಲ್ಲ, ಅದನ್ನು ಅಲ್ಲಿಯೇ ಪರಿಶೀಲಿಸಿ ಕೆಂಪು, ಕಿತ್ತಳೆ, ಹಸಿರು ಎಂಬ ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಹಸಿರಾದರೆ ಭಯವಿಲ್ಲ, ಕಿತ್ತಳೆಯಾದರೆ ಮತ್ತೆ ಪರೀಕ್ಷೆ ಬೇಕು, ಕೆಂಪಾದರೆ ತಡಮಾಡದೆ ಚಿಕಿತ್ಸೆಯಾಗಬೇಕು. ಅಂತರ್ಜಾಲದಲ್ಲಿ ಬಂದ ಚಿತ್ರವನ್ನು ತಜ್ಞರು ತಮ್ಮ ಫೋನಿನಲ್ಲಿಯೇ ನೋಡಿ ನಿರ್ಣಯ ಹೇಳುತ್ತಾರೆ. ಸರ್ಕಾರದ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಸೇರಿ ಈ ಕಾರ್ಯಕ್ರಮವು ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ವಿಸ್ತರಿಸಿತು.

ಇಲ್ಲಿಯೂ ಯಶಸ್ಸಿನ ಗುಟ್ಟು ಕ್ಯಾಮೆರಾ ಒಂದೇ ಅಲ್ಲ. ಕೈಯಗಲದ ಶಿಶುವನ್ನು ನೋಯಿಸದಂತೆ ಹಿಡಿದು, ಮಿಸುಕುವ ಕಣ್ಣಿನ ಸ್ಪಷ್ಟ ಚಿತ್ರವನ್ನು ತೆಗೆಯಲು ಕಲಿತ ಆ ತಂತ್ರಜ್ಞರೇ ಕಾರ್ಯಕ್ರಮದ ಬೆನ್ನೆಲುಬು. ಅವರಾರೂ ವೈದ್ಯರಲ್ಲ. ಆದರೆ ಕ್ರಮಬದ್ಧವಾದ ಶಿಕ್ಷಣ ಮತ್ತು ಪರೀಕ್ಷೆಗಳ ಮೂಲಕ ಒಂದು ಕೆಲಸವನ್ನು ಪರಿಪೂರ್ಣವಾಗಿ ಮಾಡಲು ಅವರನ್ನು ಸಿದ್ಧಪಡಿಸಲಾಗಿದೆ.

ಹಾಲಿನ ಡೇರಿ ನಡೆಸಿದ ಆರೋಗ್ಯ ಕೇಂದ್ರ

ಇನ್ನು ಅಂತರ್ಜಾಲದ ಹೆಸರೂ ಇಲ್ಲದಿದ್ದ ಕಾಲಕ್ಕೆ ಹೋಗೋಣ. ಕೃಷ್ಣರಾಜಪುರ, ಹೊಸಕೋಟೆಗಳನ್ನು ದಾಟಿ ಉತ್ತರಕ್ಕೆ ಹೊರಳಿದರೆ ರೇಷ್ಮೆಗೂ ಹಾಲಿಗೂ ಹೆಸರಾದ ಶಿಡ್ಲಘಟ್ಟದ ಸೀಮೆ ಬರುತ್ತದೆ. ಆ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಒಂದು ಅಪರೂಪದ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮತ್ತು ಮಳ್ಳೂರಿನ ಹಾಲು ಉತ್ಪಾದಕರ ಸಹಕಾರ ಸಂಘಗಳು ಸೇರಿ ಆರೋಗ್ಯ ಸಹಕಾರ ಕೇಂದ್ರವನ್ನು ತೆರೆದವು. ಹಾಲು ಹಾಕುವ ರೈತರ ಸಂಘವೇ ತನ್ನ ಆದಾಯದ ಒಂದು ಭಾಗವನ್ನು ಆರೋಗ್ಯಕ್ಕೆಂದು ತೆಗೆದಿರಿಸಿತು. ಕಾಲೇಜು ವೈದ್ಯರನ್ನೂ ತರಬೇತಿಯ ವಿದ್ಯಾರ್ಥಿಗಳನ್ನೂ ಕಳುಹಿಸಿಕೊಟ್ಟಿತು.

ಈ ಏರ್ಪಾಡಿನ ಹಿಂದಿನ ತತ್ತ್ವವನ್ನು ನಾವು ಆಲೋಚಿಸಬೇಕು. ಹಳ್ಳಿಗರು ಇಲ್ಲಿ ಕೈಯೊಡ್ಡಿ ನಿಂತವರಲ್ಲ. ದಿನನಿತ್ಯದ ಹಾಲಿನ ಹಣದಲ್ಲಿ ಪಾಲು ಕೊಟ್ಟು ಕೇಂದ್ರದ ಒಡೆಯರಾದವರು. ಒಡೆತನವಿದ್ದುದರಿಂದ ವೈದ್ಯರು ಬಾರದ ದಿನ ಏಕೆ ಬರಲಿಲ್ಲವೆಂದು ಕೇಳುವ ಹಕ್ಕೂ ಅವರಿಗೆ ಇದ್ದಿತು. ಇತ್ತ ವಿದ್ಯಾರ್ಥಿಗಳಿಗೆ, ಆಸ್ಪತ್ರೆಯ ಹಾಸಿಗೆಯ ಮೇಲೆ ಕಾಣುವ ರೋಗವು ಬಚ್ಚಲಿನ ನೀರು ನಿಂತ ಓಣಿಯಿಂದಲೋ ಕುಡಿಯುವ ಬಾವಿಯಿಂದಲೋ ಬಂದುದೆಂಬ ತಿಳಿವಳಿಕೆ ಹಳ್ಳಿಯಲ್ಲಿಯೇ ದೊರೆಯಿತು. ವಿದ್ಯಾಲಯ ಹಳ್ಳಿಗೆ ಕೊಟ್ಟಿತು, ಹಳ್ಳಿಯಿಂದ ಪಡೆಯಿತು. ಸಹಯೋಗವೆಂಬ ಮಾತಿಗೆ ಇದಕ್ಕಿಂತ ಸರಳವಾದ ಅರ್ಥ ಬೇಕಿಲ್ಲ.

ಬೆಳಗಾವಿಯ ಮೂರು ಗುಳಿಗೆಗಳು

ನಮ್ಮ ಸಮಾಜದ ಓದುಗರಿಗೆ ಕೆ.ಎಲ್.ಇ. ಸಂಸ್ಥೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಒಂದು ಶಾಲೆಯಾಗಿ ಆರಂಭಿಸಿದ ಜ್ಞಾನದಾಸೋಹ ಅದು. ಆ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಸ್ಥಾಪನೆಯಾಯಿತು. ಇಲ್ಲಿಯ ಪ್ರಾಧ್ಯಾಪಕರು ಅಮೆರಿಕದ ಸಂಶೋಧಕರೊಡನೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು ಜಗತ್ತಿನ ಗಮನ ಸೆಳೆಯಿತು.

ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ ತಾಯಂದಿರ ಸಾವಿಗೆ ಬಹುಮುಖ್ಯ ಕಾರಣ. ಅದನ್ನು ತಡೆಯುವ ಚುಚ್ಚುಮದ್ದು ಇದ್ದರೂ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರಿರಬೇಕು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆಯಾಗುವಾಗ ಇವೆರಡೂ ದುರ್ಲಭವಾಗಿದ್ದವು. ಬಾಯಿಯ ಮೂಲಕ ನುಂಗುವ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು, ಹಳ್ಳಿಯ ಸಹಾಯಕ ಶುಶ್ರೂಷಕಿಯರೇ ಹೆರಿಗೆಯಾದ ಕೂಡಲೆ ಕೊಟ್ಟರೆ ಪ್ರಯೋಜನವಾದೀತೇ ಎಂಬುದು ಅಧ್ಯಯನದ ಪ್ರಶ್ನೆ. 1620 ಮಹಿಳೆಯರು ಇದರಲ್ಲಿ ಭಾಗಿಗಳಾದರು. ಅರ್ಧದಷ್ಟು ಜನರಿಗೆ ಮೂರು ಗುಳಿಗೆಗಳ ಮದ್ದನ್ನೂ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಮದ್ದಿಲ್ಲದ ಗುಳಿಗೆಗಳನ್ನೂ ಕೊಡಲಾಯಿತು. ಮದ್ದಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾಗಿದ್ದರೆ, ಮದ್ದು ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ರಕ್ತಸ್ರಾವವನ್ನು ತಡೆಯಲು ಈ ಗುಳಿಗೆಯನ್ನು ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ನಮ್ಮ ರಾಜ್ಯದಲ್ಲಿ ಮನೆಯ ಹೆರಿಗೆ ಅಪರೂಪ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಆದರೂ ಆ ಅಧ್ಯಯನದ ತಿರುಳು ಹಳತಾಗಿಲ್ಲ. ವೈದ್ಯರಲ್ಲದ, ಊರಿನ ಬಾಗಿಲು ಬಾಗಿಲಿಗೂ ಪರಿಚಿತಳಾದ ಶುಶ್ರೂಷಕಿಯ ಕೈಗೆ ಸರಿಯಾದ ಮದ್ದನ್ನೂ ತರಬೇತಿಯನ್ನೂ ಕೊಟ್ಟರೆ ಪ್ರಾಣಗಳು ಉಳಿಯುತ್ತವೆಂಬುದನ್ನು ಒಂದು ವಿದ್ಯಾಲಯವು ಲೆಕ್ಕವಿಟ್ಟು ತೋರಿಸಿಕೊಟ್ಟಿತು.

ಮನಸ್ಸಿನ ನೋವಿಗೂ ಹತ್ತಿರದ ನೆರವು

ಮಾನಸಿಕ ರೋಗಗಳ ವಿಷಯದಲ್ಲಿ ದೂರವು ಎರಡು ಪಟ್ಟು. ಒಂದು ಆಸ್ಪತ್ರೆಯ ದೂರ. ಇನ್ನೊಂದು ಸಂಕೋಚದ ದೂರ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ರೋಗವನ್ನು ಮುಚ್ಚಿಡುವುದು, ದೃಷ್ಟಿ ತಾಕಿತೆಂದು ದೇವಸ್ಥಾನಗಳಿಗೆ ಅಲೆಯುವುದು ಇಂದಿಗೂ ಕಡಿಮೆಯಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ಬನ್ನೇರುಘಟ್ಟ ದಾರಿಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮಾನಸಿಕ ರೋಗಗಳನ್ನು ಗುರುತಿಸುವ ವಿಧಾನವನ್ನು ಕಲಿಸತೊಡಗಿತು. 1985ರಲ್ಲಿ ಈ ಕ್ರಮವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಅನ್ವಯಿಸಲಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಪ್ರಯೋಗವನ್ನು ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತಂದಿತು.

ಅದೇ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ದೇಶಕ್ಕೆ ಸಮರ್ಪಿತವಾಯಿತು. ಅದಕ್ಕೆ ತಾಂತ್ರಿಕ ನೆರವು ನೀಡಿದ್ದು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹೆಸರು ಹೇಳಿಕೊಳ್ಳಲು ಅಂಜುವವರಿಗೆ ಇದು ಮೊದಲ ಮೆಟ್ಟಿಲು. ಆದರೆ ಕರೆ ಮುಗಿದ ಮೇಲೆ ಔಷಧ ಬೇಕಾದವರನ್ನು ನೋಡಿಕೊಳ್ಳಲು ಜಿಲ್ಲೆಯಲ್ಲಿ ವೈದ್ಯರು ಇರಬೇಕು. ಬಳ್ಳಾರಿಯಲ್ಲಿ ಕಲಿತ ಪಾಠವು ಇಲ್ಲಿಯೂ ಅನ್ವಯಿಸುತ್ತದೆ.

ಇಂದಿನ ಅನುಕೂಲ, ಇಂದಿನ ಮಿತಿ

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 25ರಂದು, ದೂರವೈದ್ಯಕ್ಕೆ ಸರ್ಕಾರದ ಮಾರ್ಗಸೂಚಿ ಹೊರಟಿತು. ವೈದ್ಯರು ಫೋನಿನ ಮೂಲಕ ಯಾವ ಸ್ಥಿತಿಯಲ್ಲಿ ಔಷಧ ಬರೆಯಬಹುದು, ಯಾವುದನ್ನು ಬರೆಯಕೂಡದು ಎಂಬುದನ್ನು ಅದು ಗೊತ್ತುಪಡಿಸಿತು. ಮಾದಕ ಗುಣದ ಔಷಧಗಳನ್ನು ಹೀಗೆ ಬರೆದುಕೊಡುವಂತಿಲ್ಲ. ಸರ್ಕಾರದ ‘ಇ-ಸಂಜೀವಿನಿ’ ಸೇವೆಯ ಮೂಲಕ ನಡೆದ ವೈದ್ಯ ಸಮಾಲೋಚನೆಗಳ ಸಂಖ್ಯೆ 2023ರ ಫೆಬ್ರವರಿಯ ವೇಳೆಗೆ ದೇಶದಲ್ಲಿ 10 ಕೋಟಿ ಮೀರಿತು. ಈ ಸೇವೆಯಲ್ಲಿ ಎರಡು ಬಗೆಗಳಿವೆ. ರೋಗಿಯು ಮನೆಯಿಂದಲೇ ವೈದ್ಯರನ್ನು ಕಾಣುವುದು ಒಂದು. ಹಳ್ಳಿಯ ಆರೋಗ್ಯ ಕ್ಷೇಮ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತನಾಡುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ರಕ್ತದೊತ್ತಡ ಅಳೆಯುವ, ಹೊಟ್ಟೆ ಮುಟ್ಟಿ ನೋಡುವ, ಗುಳಿಗೆಯನ್ನು ಕೈಗಿತ್ತು ಸೇವಿಸುವ ಬಗೆಯನ್ನು ತಿಳಿಸುವ ಒಬ್ಬರು ಇರುತ್ತಾರೆ. ವಯಸ್ಸಾದವರಿಗೆ, ಓದು ಬಾರದವರಿಗೆ ಇದೇ ಉತ್ತಮವೆಂಬುದರಲ್ಲಿ ಸಂಶಯವಿಲ್ಲ.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ದುಃಖವನ್ನು ನಾಡು ಮರೆತಿಲ್ಲ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ರೂಪಿಸಿದ ಹೃದಯ ಜ್ಯೋತಿ ಯೋಜನೆಯು 2002ರ ಚಾಮರಾಜನಗರದ ಆಲೋಚನೆಯನ್ನೇ ತಾಲ್ಲೂಕು ಮಟ್ಟಕ್ಕೆ ಒಯ್ಯುವ ಪ್ರಯತ್ನ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಟ್ಟೊಡನೆ, ಹೊರಗೆ ಸಾವಿರಾರು ರೂಪಾಯಿ ಬೆಲೆಬಾಳುವ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಉದ್ದೇಶ ಇದರದು.

ವೈದ್ಯಶಿಕ್ಷಣದಲ್ಲಿಯೂ ಒಂದು ಬದಲಾವಣೆ ಬಂದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ಪಠ್ಯಕ್ರಮದಂತೆ ಪ್ರತಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು, ಓದಿನ ವರ್ಷಗಳುದ್ದಕ್ಕೂ ಅವರ ಆರೋಗ್ಯದ ಮೇಲೆ ಕಣ್ಣಿಟ್ಟಿರಬೇಕು. ಇದು ಹಾಜರಿ ಪುಸ್ತಕದ ಕೆಲಸವಾಗಿ ಮುಗಿದರೆ ಯಾರಿಗೂ ಲಾಭವಿಲ್ಲ. ಮಳ್ಳೂರಿನ ರೀತಿಯಲ್ಲಿ ಊರಿನವರೂ ಕೇಳುವ, ಕೊಡುವ ಪಾಲುದಾರರಾದರೆ ಮಾತ್ರ ಇದು ಬೆಳೆದೀತು. ಹೊಸಕೋಟೆ, ಮಾಲೂರು, ದೇವನಹಳ್ಳಿ ಸೀಮೆಯ ಹಳ್ಳಿಗಳಿಗೆ ಇದೊಂದು ಅವಕಾಶ. ಅಷ್ಟು ಸಮೀಪದಲ್ಲಿ ಅಷ್ಟು ಕಾಲೇಜುಗಳಿರುವ ಭಾಗ್ಯ ಬೀದರಿನ ತಾಂಡಾಗಳಿಗೂ ಸಂಡೂರಿನ ಗಣಿ ಹಳ್ಳಿಗಳಿಗೂ ಇಲ್ಲ.

ನಮ್ಮ ಮನೆಗಳ ಪಾಲು

ಮಹದೇವಪುರ, ವೈಟ್‌ಫೀಲ್ಡ್‌ಗಳ ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ಸಮಾಜದ ಎಷ್ಟೋ ತರುಣ ದಂಪತಿಗಳ ತಂದೆತಾಯಿಗಳು ಹಾವೇರಿ, ಗದಗ, ಕಲಬುರಗಿ, ಚಿತ್ರದುರ್ಗದ ಹಳ್ಳಿಗಳಲ್ಲಿದ್ದಾರೆ. ಪ್ರತಿ ರಾತ್ರಿ ಫೋನು ಮಾಡಿ ‘ಅಪ್ಪಾ, ಗುಳಿಗೆ ತಗೊಂಡ್ರೇನು?’ ಎಂದು ಕೇಳುವ ಮಕ್ಕಳ ಕಳವಳ ನಿಜವಾದದ್ದು. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಲ್ಲವರು ಊರಿನಲ್ಲಿರುವ ಶುಶ್ರೂಷಕಿ, ಆಶಾ ಕಾರ್ಯಕರ್ತೆ ಅಥವಾ ಪಕ್ಕದ ಮನೆಯ ತಿಳಿದ ಹುಡುಗಿ. ಊರಿಗೆ ಹೋದಾಗ ಆರೋಗ್ಯ ಕೇಂದ್ರಕ್ಕೂ ಹೋಗಿ ಅವರ ಪರಿಚಯ ಮಾಡಿಕೊಂಡು ಬರುವುದು ಮೊದಲ ಕೆಲಸ.

ಹಿರಿಯರ ಹಳೆಯ ಚೀಟಿಗಳು, ಪರೀಕ್ಷೆಯ ವರದಿಗಳು, ಸೇವಿಸುತ್ತಿರುವ ಗುಳಿಗೆಗಳ ಹೊದಿಕೆಗಳು ಒಂದೇ ಚೀಲದಲ್ಲಿರಲಿ. ಪರದೆಯ ಮೇಲಿನ ವೈದ್ಯರಿಗೆ ರೋಗಿಯ ಪೂರ್ವವೃತ್ತಾಂತ ತಿಳಿಯುವುದು ಅವುಗಳಿಂದಲೇ. ಎದೆಯಲ್ಲಿ ಒತ್ತಡ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ವಾಯುವೆಂದು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಸೌಲಭ್ಯವಿರುವ ಅತ್ಯಂತ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಬೇಕು. ಸಂಬಂಧಿಕರ ಮನೆಯಲ್ಲಿ 34 ವಾರಕ್ಕಿಂತ ಮೊದಲು ಅಥವಾ ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಮಗು ಹುಟ್ಟಿದರೆ, 30 ದಿನ ತುಂಬುವುದರೊಳಗೆ ಕಣ್ಣಿನ ಒಳಪರೀಕ್ಷೆಯಾಗಿದೆಯೇ ಎಂದು ವಿಚಾರಿಸಬೇಕು. ಬಾಣಂತಿಯನ್ನೂ ಕೂಸನ್ನೂ ಹೊರಗೆ ಕಳುಹಿಸಬಾರದೆಂಬ ಸಂಪ್ರದಾಯವು ಆ ಒಂದು ಪರೀಕ್ಷೆಗೆ ಅಡ್ಡಬರಕೂಡದು. ಮನೆಯ ಹಿರಿಯ ಹೆಂಗಸರೇ ಇದಕ್ಕೆ ಮುಂದಾಗಬೇಕು.

ಸಂಘಸಂಸ್ಥೆಗಳಿಗೂ ಒಂದು ಮಾತು. ಊರಿನ ಆಸ್ಪತ್ರೆಗೆ ಯಂತ್ರವನ್ನು ದಾನಮಾಡಿ ಫಲಕ ಹಾಕಿಸುವುದು ಸುಲಭ. ಅದನ್ನು ನಡೆಸುವವರು ವರ್ಗವಾಗಿ ಹೋದರೆ ಆ ಯಂತ್ರ ಬಟ್ಟೆ ಹೊದ್ದು ಮೂಲೆ ಸೇರುತ್ತದೆ. ಅದರ ಬದಲು ಅದೇ ಊರಿನ ಒಬ್ಬ ಹೆಣ್ಣುಮಗಳಿಗೆ ಶುಶ್ರೂಷೆಯ ಶಿಕ್ಷಣ ಕೊಡಿಸುವುದು, ವಿದ್ಯಾರ್ಥಿನಿಲಯದಲ್ಲಿ ಅವಳಿಗೆ ಅನ್ನ ವಸತಿಗಳ ಏರ್ಪಾಡು ಮಾಡುವುದು, ಓದು ಮುಗಿದ ಮೇಲೆ ಊರಿನ ಕೇಂದ್ರಕ್ಕೆ ಬರುವಂತೆ ಪ್ರೋತ್ಸಾಹಿಸುವುದು ನಮ್ಮ ಪರಂಪರೆಗೆ ಒಪ್ಪುವ ದಾನ. ಪ್ರಸಾದ ನಿಲಯಗಳಿಂದ ನೂರಾರು ವಕೀಲರನ್ನೂ ಶಿಕ್ಷಕರನ್ನೂ ಎಂಜಿನಿಯರುಗಳನ್ನೂ ನಾಡಿಗೆ ಕೊಟ್ಟ ಸಮಾಜಕ್ಕೆ ಪ್ರತಿ ಹೋಬಳಿಗೆ ಒಬ್ಬ ದಾದಿಯನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ.

ಬರುವ ಜೂನ್ ತಿಂಗಳಲ್ಲಿ ಹೊಸ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು, ಪ್ರತಿ ಊರಿನ ಬಳಗವೂ ಒಮ್ಮೆ ಕುಳಿತು ತಮ್ಮಲ್ಲಿ ಈ ಓದಿಗೆ ಮನಸ್ಸುಳ್ಳ ಮಗಳು ಯಾರಿದ್ದಾಳೆಂದು ವಿಚಾರಿಸಲಿ. ಅವಳ ಮೊದಲ ವರ್ಷದ ಶುಲ್ಕವನ್ನು ಹತ್ತು ಮನೆಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.